ಬೂದಿಯೂ ಹದಿನಾಲ್ಕು ದಿನದ ಕ್ವಾರಂಟೈನೂ

“ಇನ್ನೊಂದೇ ತಿಂಗ್ಳು! ಆಮೇಲೂ ಈ ಮನೆಗೆ ಅಂಗಡಿ ಮೊಟ್ಟೆ ಬಂತು ಅಂದ್ರೆ ನನ್ ಹೆಸ್ರು ಶಾಂತಾರಾಮ ಅಲ್ಲ!”

ಹಬ್ಬುವಾಡದ ಮನೆಯ ಹಿತ್ತಲಲ್ಲಿ, ಲುಂಗಿ ಎತ್ತಿ ಕಟ್ಟಿ, ಚಹಾದ ಲೋಟವನ್ನೇ ಮೈಕಿನ ಹಾಗೆ ಹಿಡಿದು ಶಾಂತಾರಾಮ ಈ ಪ್ರತಿಜ್ಞೆ ಮಾಡಿದಾಗ ಎದುರಿಗಿದ್ದ ಸಭಿಕರು ಒಟ್ಟು ಆರು. ಹೆಂಡತಿ ಗಂಗೂ, ಕಾಲೇಜಿಗೆ ಹೋಗುವ ಮಗಳು ರಕ್ಷಿತಾ, ಮತ್ತೆ ನಾಲ್ಕು ಕೋಳಿಗಳು. ಗಂಭೀರವಾಗಿ ಕೇಳಿಸಿಕೊಂಡದ್ದು ಕೋಳಿಗಳು ಮಾತ್ರ.

“ಹೆಸ್ರು ಬದಲಾಯ್ಸೂಕೆ ಆಧಾರ್ ಕೇಂದ್ರದಲ್ಲಿ ಬೆಳಿಗ್ಗೆ ಆರಕ್ಕೇ ಪಾಳಿ ಹಚ್ಚಬೇಕಂತೆ. ಈಗ್ಲೇ ಹೋಗಿ ನಿಂತ್ಕಣಿ,” ಅಂದಳು ಗಂಗೂ.

ಮೊಟ್ಟೆಯ ಸಮಸ್ಯೆ ಇಷ್ಟೇ. ನಾಲ್ಕು ಕೋಳಿಗಳಲ್ಲಿ ಒಂದು ಹುಂಜ. ಅದರಿಂದ ಮೊಟ್ಟೆ ನಿರೀಕ್ಷಿಸುವಷ್ಟು ಮರುಳ ಶಾಂತಾರಾಮನೂ ಅಲ್ಲ. ಎರಡು ಹೇಂಟೆಗಳು ಮನಸ್ಸು ಬಂದ ದಿನ ಮೊಟ್ಟೆ ಇಡುತ್ತಿದ್ದವು, ಮನಸ್ಸು ಬರುವುದೇ ಅಪರೂಪ. ನಾಲ್ಕನೆಯದು ಬೂದಿ. ಹೆಸರಿಗೆ ತಕ್ಕ ಬಣ್ಣ, ಒಂದು ಕಾಲು ತುಸು ಎಳೆಯುವ ಮುದಿ ಹೇಂಟೆ. ಮೊಟ್ಟೆ ಇಡುವುದನ್ನು ಬಿಟ್ಟು ಎರಡು ಮಳೆಗಾಲ ಕಳೆದಿತ್ತು. ನಿವೃತ್ತ ಹೆಡ್‌ಮಾಸ್ತರರ ಹಾಗೆ ಬೆಳಿಗ್ಗೆ ಹಿತ್ತಲಲ್ಲಿ ಒಂದು ಸುತ್ತು ಬಂದು, ಉಳಿದವುಗಳನ್ನು ಸುಮ್ಮನೆ ಗದರಿ, ನುಗ್ಗೆಮರದ ಬುಡದಲ್ಲಿ ಕೂತುಬಿಡುತ್ತಿತ್ತು.

ಆದರೆ ಬೂದಿಯ ಬಗ್ಗೆ ಆ ಮನೆಯಲ್ಲಿ ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಅದು ಗಂಗೂವಿನ ತವರಿನದು. ಅವರ್ಸಾದಲ್ಲಿ ಅವಳ ತಾಯಿ ಸುಬ್ಬಿ ಸಾಕಿದ ಕೋಳಿ. ಹೋದ ವರ್ಷ ಸುಬ್ಬಿ ತೀರಿಕೊಂಡಾಗ, ಹನ್ನೆರಡನೆಯ ದಿನದ ಊಟ ಮುಗಿಸಿ ಹೊರಟ ಗಂಗೂ ತವರಿನಿಂದ ಕೇಳಿ ತಂದದ್ದು ಇದೊಂದನ್ನೇ. ಅಕ್ಕಂದಿರು ಬೆಂಡೋಲೆ, ಸೀರೆ ಎಂದು ಪೆಟ್ಟಿಗೆ ತೆರೆದು ಕೂತಿದ್ದಾಗ ಇವಳು ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದಳು. ಕಂಡಕ್ಟರ್ ಕೋಳಿಗೂ ಅರ್ಧ ಟಿಕೆಟು ಹರಿದಾಗ ತಕರಾರಿಲ್ಲದೆ ತೆತ್ತಿದ್ದಳು. ತರಕಾರಿಯವನ ಹತ್ತಿರ ಕೊತ್ತಂಬರಿ ಕಟ್ಟಿಗೆ ಕಾಲು ಗಂಟೆ ಚೌಕಾಸಿ ಮಾಡುವ ಹೆಂಗಸು!

ಪ್ರತಿದಿನ ಬೆಳಿಗ್ಗೆ ಅವಳು ಹಿತ್ತಲ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. “ಬಾಬಾಬಾಬಾ... ಬಾರೇ ನನ್ ಬಂಗಾರಾ!” ಕೊನೆಯ ಆ ‘ಬಾರೇ’ಯನ್ನು ಎಳೆಯುವ ರೀತಿ ಸುಬ್ಬಿಯದು. ಬೇರೆ ಯಾವ ಹೊತ್ತಿನಲ್ಲೂ ಗಂಗೂವಿನ ದನಿ ತಾಯಿಯ ದನಿಯ ಹಾಗಿರಲಿಲ್ಲ. ಆ ಒಂದು ಕೂಗಿನಲ್ಲಿ ಮಾತ್ರ ಅತ್ತೆಯೇ ಬಂದು ಹಿತ್ತಲಲ್ಲಿ ನಿಂತ ಹಾಗೆ ಕೇಳಿ, ಒಳಗೆ ಗಡ್ಡ ಕೆರೆಯುತ್ತಿದ್ದ ಶಾಂತಾರಾಮ ಎಷ್ಟೋ ಸಲ ಬೆಚ್ಚಿ ಲುಂಗಿ ಸರಿಮಾಡಿಕೊಂಡಿದ್ದ. ಬೂದಿ ಆ ಕೂಗಿಗೆ ಎಲ್ಲಿದ್ದರೂ ಕಾಲೆಳೆಯುತ್ತ ಓಡಿ ಬರುತ್ತಿತ್ತು. ಅದು ಬಂದ ಮೇಲೆಯೇ ಗಂಗೂವಿಗೆ ಬೆಳಗಾಗುತ್ತಿತ್ತು.

“ಇದ್ದಿದ್ದೇ ಸಾಕು. ಹೊಸ ಕೋಳಿ ಬ್ಯಾಡ,” ಅಂದಳು ಗಂಗೂ. “ಹೊಸ್ದು ಬಂದ್ರೆ ಹಳೇದ್ಕೆ ರೋಗ ತರ್ತದೆ. ಅವ್ವಿ ಹೇಳ್ತಿತ್ತು.”

ರೋಗ! ಯಾರ ಮುಂದೆ ಆಡುವ ಮಾತು ಇದು? ಶಾಂತಾರಾಮ ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ನಿಜ. ಆದರೆ ಕೊರೊನಾ ಕಾಲದಲ್ಲಿ ಅವನನ್ನು ಗೋವಾ ಗಡಿಯ ಚೆಕ್‌ಪೋಸ್ಟಿಗೆ ಹಾಕಿದ್ದರು. ನಲವತ್ತು ದಿನ! ಬಂದವರ ಎಡಗೈ ಹಿಡಿದು, ಮೇಲೆ ‘ಹೋಂ ಕ್ವಾರಂಟೈನ್’ ಎಂಬ ಸೀಲನ್ನು ಠಪ್ಪೆಂದು ಒತ್ತುವುದು ಅವನ ಕೆಲಸ. ದೊಡ್ಡ ಸಾಹೇಬರ ಭಾವಮೈದುನನಿಗೂ ಒತ್ತಿದ್ದ. ಸೀಲು ಬಿದ್ದವರು ಆಚೆ ಹೋಗಿ ಉಗುಳು ಹಚ್ಚಿ ತಿಕ್ಕುತ್ತಿದ್ದರೆ ಇವನು ಕುರ್ಚಿಯಿಂದಲೇ ಗರ್ಜಿಸುತ್ತಿದ್ದ: “ತಿಕ್ಬೇಡಿ! ಹೋಗೂದಿಲ್ಲ!” ಆ ನಲವತ್ತು ದಿನ ಅವನಷ್ಟು ಎತ್ತರದ ಮನುಷ್ಯ ಜಿಲ್ಲೆಯಲ್ಲೇ ಇರಲಿಲ್ಲ. ಡ್ಯೂಟಿ ಮುಗಿದ ಮೇಲೆ ಸೀಲನ್ನು ಯಾರೂ ವಾಪಸು ಕೇಳಲಿಲ್ಲ, ಇವನೂ ನೆನಪಿಸಲಿಲ್ಲ. ಅದು ಈಗ ಶೋಕೇಸಿನಲ್ಲಿ, ರಕ್ಷಿತಾಳ ಕಬಡ್ಡಿ ಕಪ್ಪಿನ ಪಕ್ಕದಲ್ಲಿ, ಕಪ್ಪಿಗಿಂತ ಚೂರು ಮುಂದೆ ನಿಂತಿತ್ತು.

“ಸದಾಶಿವಗಡ ದಾಟಿ ಈಚೆ ಒಂದು ಕೆಮ್ಮು ಬರೂಕೆ ಬಿಡ್ಲಿಲ್ಲ ನಾನು! ಎರಡು ಕೋಳಿ ಯಾವ ಲೆಕ್ಕಕ್ಕೆ?”

“ಹೌದು, ಆ ಕೆಮ್ಮು ನಿಮ್ ಜೊತಿಗೇ ಸ್ಕೂಟರ್ ಹತ್ತಿ ಮನೆಗೆ ಬಂತು. ಮೂರೂ ಜನ ಹದಿನೈದು ದಿನ ಮಲಗಿದ್ದು ಮರ್ತ್‌ಹೋಯ್ತಾ?”

“ಅದು ಬೇರೆ ಕೆಮ್ಮು!” ಅಂದ ಶಾಂತಾರಾಮ.

ಗಂಗೂ ಗದರದೆ, ಮೆತ್ತಗೆ ಹೇಳಿದಳು. “ತಂದ್ರೆ ತನ್ನಿ. ಬೂದಿಗೆ ಏನಾರೂ ಆದ್ರೆ ಮಾತ್ರ ನಾ ತಡ್ಕಣೂದಿಲ್ಲ.”

ಆ ಮೆತ್ತಗಿನ ದನಿಗೆ ಹೆದರಬೇಕಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡಸಿಗೆ ಅಷ್ಟು ತಿಳಿಯಬೇಡವೇ? ತಿಳಿಯಲಿಲ್ಲ.

ಮುಂದಿನ ವಾರ ಅಂಕೋಲೆಯ ಸಂತೆಯಲ್ಲಿ ಬೀರು ಎಂಬ ಕೋಳಿ ಮಾರುವವನ ಬುಟ್ಟಿಯ ಮುಂದೆ ಶಾಂತಾರಾಮ ಕುಕ್ಕರುಗಾಲಲ್ಲಿ ಕೂತ. ಎರಡು ಕೆಂಪು ಹೇಂಟೆ. ಗಾಂವಟಿ, ಅಂದರೆ ಊರ ನಾಟಿ ತಳಿ, ಹೊಳೆಯುವ ಗರಿ, ಚುರುಕು ಕಣ್ಣು. ಚೆಕ್‌ಪೋಸ್ಟಿನ ಗತ್ತಿನಲ್ಲಿ ವಿಚಾರಣೆ ಶುರುವಾಯಿತು.

“ರೋಗ ಗೀಗ ಇಲ್ವಲ್ಲಾ?”

“ಸಾಹೇಬ್ರೆ, ಸಕ್ಕರೆ ಕಾಯಿಲೆ ಅದೆ, ಮಂಡಿ ನೋವು ಅದೆ.”

“ಕೋಳಿಗಾ?”

“ನಂಗೆ! ಕೋಳಿಗೆ ಎಂತದೂ ಇಲ್ಲ,” ಅಂದ ಬೀರು.

ಹೊಸಬರಿಬ್ಬರೂ ಅಂದು ಮಧ್ಯಾಹ್ನ ಕಾರವಾರಕ್ಕೆ ಪಾದಾರ್ಪಣೆ ಮಾಡಿದರು. ಕ್ವಾರಂಟೈನಿಗೆ ಜಾಗ? ಹಳೆಯ ಗೂಡಿನಿಂದ ದೂರ ಇರಬೇಕು, ಬಾಗಿಲು ಇರಬೇಕು, ನೀರು ಇರಬೇಕು. ಇಷ್ಟೂ ಲಕ್ಷಣಗಳಿದ್ದ ಕಟ್ಟಡ ಆ ಹಿತ್ತಲಲ್ಲಿ ಒಂದೇ: ಬಚ್ಚಲು!

ಹಂಡೆಯ ಬದಿಗೆ ಒಣಹುಲ್ಲು ಹಾಸಿದ್ದಾಯಿತು. ಬಾಗಿಲಿಗೆ ರಟ್ಟಿನ ಬೋರ್ಡು ಏರಿತು. ‘ಪ್ರವೇಶ ನಿಷೇಧಿಸಿದೆ. ಅವಧಿ ಹದಿನಾಲ್ಕು ದಿನ.’ ಒಣಗಿದ ಶಾಯಿ ಪ್ಯಾಡಿಗೆ ನಾಲ್ಕು ಹನಿ ನೀರು ಬಿಟ್ಟು, ಬೋರ್ಡಿನ ಕೆಳಗೆ ಸೀಲೂ ಬಿತ್ತು. ಕೋಳಿಗಳ ಕಾಲಿಗೂ ಒತ್ತುವ ಪ್ರಯತ್ನ ನಡೆಯಿತು. ಅದರ ಫಲವಾಗಿ ಶಾಂತಾರಾಮನ ಮೂಗಿನ ಮೇಲೆ ಒಂದು ಪರಚು ಗಾಯವಾಗಿ, ಆ ಕಲಮನ್ನು ಕೈಬಿಡಲಾಯಿತು.

“ಮತ್ತೆ ನಾವು ಮೀಯೂದು ಎಲ್ಲಿ?” ಅಂತ ರಕ್ಷಿತಾ ಕೇಳಿದಳು.

“ದೇಶಕ್ಕೆ ಕಷ್ಟ ಬಂದಾಗ ಜನ ಏನೆಲ್ಲಾ ತ್ಯಾಗ ಮಾಡಿದ್ರು!”

ದೇಶದ ಪಾಲಿನ ತ್ಯಾಗವನ್ನು ಪಕ್ಕದ ಮನೆಯ ನೀಲಾ ಮಾಡಬೇಕಾಯಿತು. ಮರುದಿನ ಬೆಳಿಗ್ಗೆ ತಾಯಿ ಮಗಳು ಟವೆಲು, ಸಾಬೂನು, ಬಕೆಟು ಹಿಡಿದು ಓಣಿಯಲ್ಲಿ ಮೆರವಣಿಗೆ ಹೊರಟದ್ದನ್ನು ಕಂಡು ನೀಲಾ ಗಾಬರಿಯಾದಳು. “ಅರೇ ದೇವಾ! ನಿಮ್ ಬಾವಿ ಬತ್ತಿತಾ ಗಂಗಕ್ಕಾ?”

“ಬಾವಿಗೇನಾಗ್ಲಿಲ್ಲ. ಬಚ್ಚಲಲ್ಲಿ ಅಂಕೋಲೆ ನೆಂಟ್ರು ಅವ್ರೆ,” ಅಂದಳು ಗಂಗೂ.

ಶಾಂತಾರಾಮನ ಶಿಸ್ತು ನೋಡುವ ಹಾಗಿತ್ತು. ಬಚ್ಚಲಿಗೆ ಹೋಗಲು ಬೇರೆ ಚಪ್ಪಲಿ. ಮೂಗಿಗೆ ಹಳೆಯ ಮಾಸ್ಕು. ಬಂದ ಮೇಲೆ ಇಪ್ಪತ್ತು ಎಣಿಸುವವರೆಗೆ ಸಾಬೂನಿನಲ್ಲಿ ಕೈ ತೊಳೆಯುವುದು. ಹೊಸಬರಿಗೆ ಅಂತಲೇ ಅಂಚು ಒಡೆದ ಒಂದು ನೀಲಿ ಬಟ್ಟಲು, ಹಳಬರಿಗೆ ಎಂದಿನ ಮಣ್ಣಿನ ತಟ್ಟೆ. ಬಾಗಿಲಿನಿಂದ ಹತ್ತು ಫೂಟು ದೂರಕ್ಕೆ ಸುಣ್ಣದ ಗೆರೆ ಎಳೆದು ಗಂಗೂವಿಗೂ ರಕ್ಷಿತಾಳಿಗೂ ಗಡಿ ನಿರ್ಬಂಧ. ಒಂದು ಕಾಗೆ ಗೆರೆ ದಾಟಿ ಬಂದರೆ ಅದನ್ನೂ ಬೈದು ಕಳಿಸುತ್ತಿದ್ದ.

ಬೆಳಿಗ್ಗೆ ಹೊಸಬರಿಗೆ ತೌಡು ಕಲಸಿದ ಕುಚ್ಚಲಕ್ಕಿ ಗಂಜಿ. ಹೊಸ ಜಾಗದ ಹೆದರಿಕೆಗೋ ಏನೋ, ಅವು ಅರ್ಧ ತಿಂದು ಅರ್ಧ ಬಿಡುತ್ತಿದ್ದವು. ಬಿಟ್ಟದ್ದನ್ನು ಚೆಲ್ಲುವುದೇ? ಆ ಮನೆಯಲ್ಲಿ ಅನ್ನ ಚೆಲ್ಲುವುದು ಎಂಬುದೇ ಇಲ್ಲ. “ಅನ್ನ ಚೆಲ್ದ ಕೈಗೆ ಅನ್ನ ದಕ್ಕೂದಿಲ್ಲ” ಅಂತ ಸುಬ್ಬಿ ಬದುಕಿರುವಷ್ಟು ದಿನ ಹೇಳಿದ್ದಳು. ಅಳಿಯನ ತಟ್ಟೆಯಲ್ಲಿ ನಾಲ್ಕು ಅಗುಳು ಉಳಿದರೂ ಎದುರಿಗೆ ಕೂತು ಕಾಯುವ ಹೆಂಗಸು. ಅತ್ತೆಯ ಮಾತುಗಳಲ್ಲಿ ಶಾಂತಾರಾಮ ತಪ್ಪದೆ ಪಾಲಿಸುತ್ತಿದ್ದದ್ದು ಇದೊಂದನ್ನೇ. ಹಾಗಾಗಿ ದಿನವೂ ಕೈ ತೊಳೆದು, ಮಾಸ್ಕು ಬಿಚ್ಚಿ, ಚಪ್ಪಲಿ ಬದಲಿಸಿ, ನೀಲಿ ಬಟ್ಟಲಲ್ಲಿ ಉಳಿದ ಗಂಜಿಯನ್ನು ಶ್ರದ್ಧೆಯಿಂದ ತಂದು ಹಳಬರ ಮಣ್ಣಿನ ತಟ್ಟೆಗೆ ಸುರಿಯುತ್ತಿದ್ದ. ಹಿರಿತನದ ಮೇಲೆ ಬೂದಿಯೇ ಮೊದಲು ಬಾಯಿ ಹಾಕುತ್ತಿತ್ತು. ಗಂಗೂ ಆ ಹೊತ್ತಿಗೆ ನೀಲಾಳ ಬಚ್ಚಲಲ್ಲಿ ಮೀಯುತ್ತಿರುತ್ತಿದ್ದಳು.

ಐದನೆಯ ದಿನ ಹೊಸಬರಲ್ಲಿ ಒಂದು ಸೀನಿತು. ಆಮೇಲೆ ಇನ್ನೊಂದೂ ಸೀನಿತು. ಶಾಂತಾರಾಮನ ಸಂಭ್ರಮ ಹೇಳತೀರದು!

“ನೋಡಿದ್ಯಾ? ನೋಡಿದ್ಯಾ? ಇವನ್ನ ಸೀದಾ ಗೂಡಿಗೆ ಬಿಟ್ಟಿದ್ರೆ ಇಷ್ಟೊತ್ತಿಗೆ ಎಂತಾ ಆಗ್ತಿತ್ತು? ಕ್ವಾರಂಟೈನ್ ಅಂದ್ರೆ ಇದು!”

ಎರಡು ದಿನದಲ್ಲಿ ಅವುಗಳ ಸೀನು ತಾನಾಗಿ ನಿಂತಿತು. ಶಾಂತಾರಾಮ ಕಚೇರಿಯಲ್ಲಿ ಈ ವಿಜಯದ ಕಥೆಯನ್ನು ಮೂರು ಟೇಬಲ್ಲುಗಳಿಗೆ ಹೇಳಿದ. ನಾಲ್ಕನೆಯ ಟೇಬಲ್ಲಿನವರು ರಜೆ ಹಾಕಿ ಬಚಾವಾದರು.

ಒಂಬತ್ತನೆಯ ದಿನ ಬೆಳಿಗ್ಗೆ ಗಂಗೂ ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು. ಹುಂಜ ಬಂತು, ಹೇಂಟೆಗಳು ಬಂದವು. ಬೂದಿ ಬರಲಿಲ್ಲ. ಮತ್ತೆ ಕರೆದಳು. ನುಗ್ಗೆಮರದ ಬುಡದಲ್ಲಿ ಬೂದಿ ಗರಿ ಕೆದರಿಕೊಂಡು, ಕಣ್ಣು ಮುಚ್ಚಿ ಕೂತಿತ್ತು. ಎತ್ತಿಕೊಂಡರೆ ಎದೆಯಲ್ಲಿ ಗೊರ ಗೊರ ಸದ್ದು. ಒಂದು ಕಣ್ಣು ಊದಿ, ಮೂಗಿನ ತೂತಿನಲ್ಲಿ ನೊರೆ ಕಟ್ಟಿತ್ತು.

“ಹೋಯ್, ಬನ್ನಿ ಇಲ್ಲಿ!” ಅಂತ ಗಂಗೂ ಅಲ್ಲಿಂದಲೇ ಕೂಗಿದಳು.

ಶಾಂತಾರಾಮ ಬಂದ, ನೋಡಿದ, ಬೆವತ. ಆದರೆ ಚೆಕ್‌ಪೋಸ್ಟು ಕಂಡ ಮನುಷ್ಯ ತನ್ನ ಗಡಿಯಲ್ಲಿ ತೂತಿದೆ ಎಂದು ಒಪ್ಪುತ್ತಾನೆಯೇ? ತನಿಖೆ ಶುರುವಾಯಿತು. ಮೊದಲ ಆರೋಪಿ ಕಾಗೆ. ಎರಡನೆಯ ಆರೋಪಿ, ದಿನವೂ ಮೀನು ತರುವ ಹೊನ್ನಿ. ಅವಳು ಬುಟ್ಟಿ ಇಳಿಸುವುದು ಮುಂಬಾಗಿಲಲ್ಲಿ, ಹಿತ್ತಲ ಮುಖವನ್ನೇ ಕಂಡವಳಲ್ಲ ಎಂದು ಸಾಬೀತಾಗಿ ಖುಲಾಸೆಯಾಯಿತು. ಮೂರನೆಯದು ರಕ್ಷಿತಾಳ ಚಪ್ಪಲಿ.

“ಅಪ್ಪಾ, ನಿಮ್ ಗೆರೆ ನೋಡಿದ್ರೇ ಹೆದ್ರಿಕೆ ಆಗ್ತದೆ. ನಾ ಹಿತ್ತಲಿಗೇ ಹೋಗೂದಿಲ್ಲ,” ಅಂದಳು ಅವಳು.

ಉಳಿದವಳು ಒಬ್ಬಳೇ.

“ನೀನೇ ಕದ್ದು ಬಾಗ್ಲು ತೆಗ್ದಿದ್ದೆ,” ಅಂದ ಶಾಂತಾರಾಮ. “ಹೊಸ ಕೋಳಿ ಮೊಟ್ಟೆ ಇಟ್ಟದ್ಯಾ ನೋಡೂಕೆ ಹೋಗಿ, ಅದೇ ಕೈಯಲ್ಲಿ ಬೂದಿನ ಮುಟ್ಟಿದ್ದೆ!”

“ನಾ ಹೋಗ್ಲಿಲ್ಲ.”

“ಮತ್ತೆ ರೋಗ ಹತ್ತು ಫೂಟು ಹಾರಿ ಬಂತಾ?”

ಗಂಗೂ ಬೂದಿಯನ್ನು ಎದೆಗೆ ಒತ್ತಿಕೊಂಡು ಅವನನ್ನೇ ನೋಡಿದಳು. “ನನ್ ಅವ್ವಿ ಕೋಳಿಗೆ ನಾನೇ ರೋಗ ತಂದೆ ಅಂತ್ರಿ ನೀವು?”

ಅವಳ ಕಣ್ಣಲ್ಲಿ ನೀರಿತ್ತು. ಶಾಂತಾರಾಮನಿಗೆ ಒಳಗೆ ಚುಚ್ಚಿತು, ನಿಜ. ಆದರೆ ಬಾಯಿ ಮುಚ್ಚಲಿಲ್ಲ. “ಸಾಕ್ಷಿ ಹಂಗೇ ಹೇಳ್ತದೆ,” ಅಂದುಬಿಟ್ಟ. ಕೆಲವು ಮಾತು ಆಡುವಾಗಲೇ ಗೊತ್ತಾಗುತ್ತದೆ, ಇದರ ಬಡ್ಡಿ ಬಹಳ ದಿನ ಕಟ್ಟಬೇಕು ಅಂತ.

ರಿಕ್ಷಾದಲ್ಲಿ ಪಶು ಆಸ್ಪತ್ರೆಗೆ ಹೋಗುವವರೆಗೂ ಇಬ್ಬರ ನಡುವೆ ಮಾತಿಲ್ಲ. ಬಟ್ಟೆಯ ಚೀಲದಿಂದ ತಲೆ ಹೊರಗೆ ಹಾಕಿದ ಬೂದಿಯೊಂದೇ ಗೊರ ಗೊರ ಅನ್ನುತ್ತಿತ್ತು.

ಡಾಕ್ಟರು ಚೈತ್ರಾ, ರಕ್ಷಿತಾಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಕೋಳಿಯ ಕೊಕ್ಕು ಬಿಡಿಸಿ ಒಳಗೆ ನೋಡಿದಳು, ಎದೆಗೆ ಕಿವಿ ಕೊಟ್ಟಳು. “ಹೊಸ ಕೋಳಿ ಏನಾದ್ರೂ ತಂದ್ರಾ?”

ಶಾಂತಾರಾಮ ಎದೆ ಸೆಟೆಸಿ ನಿಂತ. “ತಂದೆ ಮೇಡಂ. ಆದ್ರೆ ಕ್ವಾರಂಟೈನ್ ಮಾಡಿ! ಹದ್ನಾಲ್ಕು ದಿನ! ಬೇರೆ ಕೋಣೆ!”

“ಒಳ್ಳೇದಾಯ್ತು. ಎಷ್ಟೋ ಜನ ಅಷ್ಟೂ ಮಾಡೂದಿಲ್ಲ. ಚಪ್ಪಲಿ?”

“ಬೇರೆ!”

“ಕೈ ತೊಳೆಯೂದು?”

“ಇಪ್ಪತ್ತು ಎಣಿಸಿ!”

“ಬಟ್ಟಲು?”

“ಬೇರೆ! ನೀಲಿ ಬಟ್ಟಲು ಹೊಸಬ್ರಿಗೆ, ಮಣ್ಣಿನ ತಟ್ಟೆ ಹಳಬ್ರಿಗೆ!” ಶಾಂತಾರಾಮ ಗಂಗೂವಿನ ಕಡೆ ಓರೆಗಣ್ಣಲ್ಲಿ ನೋಡಿದ. ಕೇಳಿಸಿಕೋ, ಎಂಬ ಹಾಗೆ.

“ಹೊಸವು ತಿಂದು ಬಿಟ್ಟಿದ್ದನ್ನ ಎಲ್ಲಿ ಚೆಲ್ತೀರಿ?”

“ಚೆಲ್ಲೂದಾ? ಅನ್ನವಾ?” ಶಾಂತಾರಾಮನಿಗೆ ಕೇಳಿಯೇ ಪಾಪ ತಟ್ಟಿದ ಹಾಗಾಯಿತು. “ನಮ್ಮನೇಲಿ ಅನ್ನ ಚೆಲ್ಲೂ ಪದ್ಧತಿ ಇಲ್ಲ ಮೇಡಂ! ಒಂದು ಅಗುಳೂ ಚೆಲ್ಲೂದಿಲ್ಲ. ದಿನಾ ನಾನೇ ತಂದು ಹಳೇ ಕೋಳಿ ತಟ್ಟೆಗೆ...”

ವಾಕ್ಯ ಅಲ್ಲಿಗೆ ನಿಂತಿತು. ಚೈತ್ರಾ ಪೆನ್ನಿನ ಮುಚ್ಚಳ ಹಾಕಿ ಮೆಲ್ಲಗೆ ಹೇಳಿದಳು. “ಹೊಸವು ರೋಗ ಹೊತ್ಕೊಂಡು ಬಂದಿರ್ತಾವೆ ಸರ್. ನೋಡೂಕೆ ಚೆನ್ನಾಗೇ ಇರ್ತಾವೆ, ಎರಡು ದಿನ ಸೀನಿ ಸುಮ್ಮನಾಗ್ತಾವೆ. ಹಳೇವಕ್ಕೆ ಅದು ಹೊಸ ರೋಗ. ಅವುಗಳ ಎಂಜಲಲ್ಲೇ ಬಂದಿದೆ ಇದು.”

ಶಾಂತಾರಾಮ ಗಂಗೂವಿನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಆ ಕ್ಷಣಕ್ಕೆ ಅವನಲ್ಲಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಗಂಗೂ ಬೈಯಲಿಲ್ಲ. ಚೀಲದಿಂದ ಹೊರಗಿದ್ದ ಬೂದಿಯ ತಲೆಯನ್ನು ಸವರುತ್ತ, “ಇದು ಉಳೀತದ್ಯಾ ಮೇಡಂ?” ಅಂತ ಮಾತ್ರ ಕೇಳಿದಳು.

“ವಯಸ್ಸಾಗಿದೆ. ಔಷಧಿ ಕೊಡ್ತೆ. ನೋಡುವಾ,” ಅಂದಳು ಚೈತ್ರಾ. ಉಳಿದವುಗಳ ನೀರಿಗೆ ಹಾಕಲು ಪುಡಿ ಕೊಟ್ಟಳು. ಹೊಸಬರನ್ನು ಇನ್ನೂ ಒಂದು ತಿಂಗಳು ಬೇರೆಯೇ ಇಡಬೇಕೆಂದಳು.

ಆಮೇಲಿನ ಎರಡು ದಿನ ಶಾಂತಾರಾಮ ರಜೆ ಹಾಕಿದ. ಕಣ್ಣಿಗೆ ಹನಿ ಹಾಕುವುದು ಅವನೇ, ನೀರು ಕುಡಿಸುವುದು ಅವನೇ. ಅರಿಶಿನ ಮೆಣಸಿನ ಕಷಾಯ ಮಾಡಿ ತಂದವನೂ ಅವನೇ. ಗಂಗೂ ಕಷಾಯದ ಲೋಟ ತೆಗೆದುಕೊಳ್ಳುತ್ತಿದ್ದಳು, ಅವನ ಮುಖ ನೋಡುತ್ತಿರಲಿಲ್ಲ. ತಪ್ಪು ಗೊತ್ತಾದ ಮೇಲೆ ಮಾಡುವ ಸೇವೆಯಷ್ಟು ಬಡವಾದದ್ದು ಬೇರೆ ಇಲ್ಲ. ಎಷ್ಟು ಮಾಡಿದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡುವವನ ಕಣ್ಣಿಗೂ.

ಮೂರನೆಯ ದಿನ ಮಧ್ಯಾಹ್ನ ಬೂದಿ ಗಂಗೂವಿನ ತೊಡೆಯ ಮೇಲೆ ಮಲಗಿತ್ತು. ಗಂಗೂ ಬಗ್ಗಿ ಅದರ ಕಿವಿಯ ಹತ್ತಿರ ಪಿಸುಮಾತಿನಲ್ಲಿ ಕರೆದಳು. “ಬಾಬಾಬಾಬಾ... ಬಾರೇ ನನ್ ಬಂಗಾರಾ.” ಬೂದಿ ತಲೆ ಎತ್ತಿತು. ಕೆಟ್ಟ ಕಾಲನ್ನು ಒಮ್ಮೆ ಎಳೆಯಿತು, ಎದ್ದು ಓಡಬೇಕೆಂಬ ಹಾಗೆ. ಅಷ್ಟೇ. ಬಾಗಿಲ ಆಚೆ ನಿಂತಿದ್ದ ಶಾಂತಾರಾಮ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ. ಅತ್ತೆ ಸತ್ತಾಗಲೂ ಇವನು ಅತ್ತಿರಲಿಲ್ಲ, ಊಟದ ಪಂಕ್ತಿಯ ವ್ಯವಸ್ಥೆಯಲ್ಲಿದ್ದ.

ನುಗ್ಗೆಮರದ ಬುಡದಲ್ಲೇ ಗುಂಡಿ ತೋಡಿದರು. ಸುದ್ದಿ ಕೇಳಿ ಮೀನಿನ ಹೊನ್ನಿ ಜೀವಮಾನದಲ್ಲಿ ಮೊದಲ ಸಲ ಹಿತ್ತಲಿಗೆ ಬಂದು ಲೊಚಗುಟ್ಟಿದಳು. “ಎಂತಾ ಗಟ್ಟಿ ಕೋಳಿಯಾಗಿತ್ತು! ರೋಗ ಬರೂಕೆ ಮುಂಚೆ ಕೊಯ್ದಿದ್ರೆ ಸುಕ್ಕಾ ಆದ್ರೂ ಆಗ್ತಿತ್ತು.” ಗಂಗೂ ಆ ಮಾತಿಗೆ ಸಿಟ್ಟಾಗಲಿಲ್ಲ. ಒಂದು ಹಿಡಿ ಅಕ್ಕಿ ಹಾಕಿ ಮಣ್ಣು ಮುಚ್ಚಿದಳು. ಒಳಗೆ ಹೋದಳು.

ಮನೆ ಸುಮ್ಮನಾಯಿತು. ಗಂಗೂ ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ರಕ್ಷಿತಾಳ ಮುಖಾಂತರ ವ್ಯವಹಾರ ನಡೆಯುತ್ತಿತ್ತು. “ಅಪ್ಪಂಗೆ ಕೇಳು, ಸಾರು ಬೇಕಾ.” “ಅಮ್ಮಂಗೆ ಹೇಳು, ಬೇಕು.” ಒಂದು ಫೂಟಿನ ಅಂತರದಲ್ಲಿ ಕೂತ ಇಬ್ಬರ ನಡುವೆ ಮಗಳು ಟಪಾಲು ಹೊತ್ತು ಸುಸ್ತಾದಳು. ಬೆಳಿಗ್ಗೆ ಗಂಗೂ ಹಿತ್ತಲಿಗೆ ಬರುವುದನ್ನೇ ಬಿಟ್ಟಳು. ಆ ಕೂಗು ನಿಂತುಹೋಯಿತು. ಕನ್ನಡಿಯ ಮುಂದೆ ಗಡ್ಡ ಕೆರೆಯುವಾಗ ಶಾಂತಾರಾಮ ಆ ಹೊತ್ತಿಗೆ ಸರಿಯಾಗಿ ಕೈ ನಿಲ್ಲಿಸಿ ಕಾಯುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಒಂದು ಕೋಳಿಯ ಜೊತೆ ಅತ್ತೆಯನ್ನು ಎರಡನೆಯ ಸಲ ಕಳಿಸಿಕೊಟ್ಟ ಹಾಗಾಯಿತಲ್ಲ ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೂ ತಟ್ಟೆಯಲ್ಲಿ ಅಗುಳು ಬಿಡುತ್ತಿರಲಿಲ್ಲ.

ಬಚ್ಚಲನ್ನು ಫಿನೈಲು ಹಾಕಿ ತೊಳೆದದ್ದಾಯಿತು. ಹೊಸಬರಿಗೆ ಹಿತ್ತಲಿನ ಮೂಲೆಯಲ್ಲಿ ಬಲೆ ಕಟ್ಟಿ ಬೇರೆ ಮನೆ ಮಾಡಿದ್ದಾಯಿತು. ಹಳೆಯ ಮೂರೂ ನಾಲ್ಕು ದಿನ ಸೀನಿ ಚೇತರಿಸಿಕೊಂಡವು. ಆದರೆ ಕರೆಯುವವರಿಲ್ಲದೆ ಗೂಡಿನ ಶಿಸ್ತು ಕೆಟ್ಟಿತು. ಹುಂಜ ನೀಲಾಳ ಕಾಂಪೌಂಡಿನ ಮೇಲೆ ಹೋಗಿ ಕೂತಿರುತ್ತಿತ್ತು, ಹೇಂಟೆಗಳು ಓಣಿ ಪಾಲು.

ಬೂದಿ ಹೋದ ಹನ್ನೊಂದನೆಯ ದಿನ ಬೆಳಿಗ್ಗೆ ಶಾಂತಾರಾಮ ಒಂದು ತೀರ್ಮಾನಕ್ಕೆ ಬಂದ. ಕರೆಯುವವರಿಲ್ಲದಿದ್ದರೆ ತಾನೇ ಕರೆಯಬೇಕು! ಹೊಸಬರ ಬಲೆಯಿಂದ ಹೊರಗೆ ಬಂದವನೇ ಹಿತ್ತಲ ನಡುವೆ ನಿಂತು, ಗಂಟಲು ಸರಿಮಾಡಿ, ಅತ್ತೆಯನ್ನು ಮನಸ್ಸಿನಲ್ಲೇ ನೆನೆದು ಕೂಗಿದ.

“ಬಾಬಾಬಾಬಾ... ಬಾಆಆರೇ ನನ್ ಬಂಗಾರಾ!”

ಹುಂಜ ಕಾಂಪೌಂಡಿನಿಂದ ಆಚೆಗೇ ಹಾರಿತು. ನೀಲಾಳ ಅಡಿಗೆಮನೆ ಕಿಟಕಿ ಧಡಕ್ಕನೆ ತೆರೆಯಿತು. “ಅರೇ ದೇವಾ! ಶಾಂತಾರಾಮಣ್ಣಾ, ಬಿದ್ರಾ? ಯಾರನ್ನಾರೂ ಕರೀಲಾ?”

“ಬೀಳ್ಲಿಲ್ಲ, ಬೀಳ್ಲಿಲ್ಲ!”

ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ಗಂಗೂ ನಿಂತಿದ್ದಳು.

“ಅವ್ವಿ ಹಂಗೆ ಕರೀತಿರ್ಲಿಲ್ಲ,” ಅಂದಳು.

ಹನ್ನೊಂದು ದಿನದಲ್ಲಿ ಅವನಿಗೆ ಸೀದಾ ಆಡಿದ ಮೊದಲ ಮಾತು. ಶಾಂತಾರಾಮ ಕೇಳಿದ. “ಮತ್ತೆ ಹೆಂಗೆ?”

ಗಂಗೂ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನುಗ್ಗೆಮರದ ಕಡೆ ನೋಡುತ್ತ ಕರೆದಳು. “ಬಾಬಾಬಾಬಾ... ಬಾರೇ ನನ್ ಬಂಗಾರಾ!”

ಓಣಿಯಿಂದ ಹೇಂಟೆಗಳು ಬಂದವು. ಕಾಂಪೌಂಡಿನಾಚೆಯಿಂದ ಹುಂಜ ಬಂತು. ಅವೆಲ್ಲಕ್ಕಿಂತ ಮೊದಲು, ಮೂಲೆಯ ಬಲೆಯೊಳಗೆ ಆ ಎರಡು ಕೆಂಪು ಕೋಳಿಗಳು ಎದ್ದುಬಿದ್ದು ಓಡಿ ಬಂದು ಬಲೆಗೆ ತಲೆ ಬಡಿದು ನಿಂತವು. ಅವುಗಳನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ. ಮುಚ್ಚಿದ ಬಚ್ಚಲಿನೊಳಗೆ ಕೂತು ಅಷ್ಟು ದಿನ ಬೆಳಿಗ್ಗೆ ಆ ಕೂಗನ್ನು ಕೇಳಿಸಿಕೊಂಡಿದ್ದವು, ಅಷ್ಟೇ.

ಗಂಗೂ ಅವುಗಳನ್ನು ಬಹಳ ಹೊತ್ತು ನೋಡಿದಳು. “ಇವ್ಕೂ ಗೊತ್ತದೆ,” ಅಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಶಾಂತಾರಾಮನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ಬಗ್ಗಿದ. ಬಗ್ಗಿದವನ ಕಾಲ ಬಳಿ ಹಳಬರ ಮಣ್ಣಿನ ತಟ್ಟೆ. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಅರ್ಧ ಗಂಜಿ. ಕೈ ತಾನಾಗಿ ವಾಲಿತು.

ಗಂಗೂ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

“ಅದ್ಯಾರ್ ಬಟ್ಟಲು?”

ಶಾಂತಾರಾಮ ನೋಡಿಕೊಂಡ. ನೀಲಿ. ಅಂಚು ಒಡೆದದ್ದು. ಈಗಷ್ಟೇ ಬಲೆಯೊಳಗಿಂದ ಎತ್ತಿ ತಂದದ್ದು.

ಗಂಗೂ ಬಟ್ಟಲನ್ನು ಕಿತ್ತುಕೊಂಡು ನುಗ್ಗೆಮರದ ಹತ್ತಿರ ಹೋದಳು. ಬೂದಿಯ ಮೇಲಿನ ಮಣ್ಣನ್ನು ಕಾಲಿನಿಂದ ಬಗೆದು ಹಳ್ಳ ಮಾಡಿ, ಗಂಜಿ ಸುರಿದು, ಮತ್ತೆ ಮುಚ್ಚಿದಳು. “ಚೆಲ್ಲಿದ್ದಲ್ಲ ಅವ್ವಿ, ಬೂದಿಗೇ ಹಾಕಿದ್ದು,” ಅಂತ ಮೇಲೆ ನೋಡಿ ಹೇಳಿದಳು. ಆಮೇಲೆ ಒಳಗೆ ಹೋದಳು. ಶೋಕೇಸಿನ ಗಾಜು ಸರಿದ ಸದ್ದಾಯಿತು.

ಹೊರಗೆ ಬಂದಾಗ ಅವಳ ಕೈಯಲ್ಲಿ ಸೀಲೂ ಶಾಯಿ ಪ್ಯಾಡೂ ಇದ್ದವು.

“ಕೈ ಚಾಚಿ.”

“ಗಂಗೂ, ನಾನು...”

“ಎಡಗೈ.”

ಶಾಂತಾರಾಮ ಎಡಗೈ ಚಾಚಿದ. ಗಂಗೂ ಸೀಲನ್ನು ಪ್ಯಾಡಿಗೆ ಒತ್ತಿ, ಬಾಯಿಂದ ಒಮ್ಮೆ ಆವಿ ಊದಿ, ಅವನ ಕೈಮೇಲೆ ಠಪ್ಪೆಂದು ಇಳಿಸಿದಳು. ಅಕ್ಷರ ಒಂದೂ ಮಾಸದೆ ಮೂಡಿತು.

“ಹದ್ನಾಲ್ಕು ದಿನ. ಕೋಳಿಯಿಂದ ಹತ್ತು ಫೂಟು ದೂರ.”

ಅವಳ ತುಟಿಯ ತುದಿಯಲ್ಲಿ ನಗುವೋ ಅಳುವೋ ಏನೋ ಇತ್ತು. ಏನಿದೆ ಎಂದು ದಿಟ್ಟಿಸಿ ನೋಡುವ ಧೈರ್ಯವಾಗದೆ ಶಾಂತಾರಾಮ ತಲೆ ತಗ್ಗಿಸಿದ. ಬಲಗೈಯ ಹೆಬ್ಬೆರಳು ಅವನಿಗೆ ತಿಳಿಯದೆಯೇ ಆ ಸೀಲಿನ ಮೇಲೆ ಹೋಯಿತು.

“ತಿಕ್ಬೇಡಿ,” ಅಂದಳು ಗಂಗೂ. “ಹೋಗೂದಿಲ್ಲ.”